ತಮ್ಮ ದೊಡ್ಡ ಮನುಷ್ಯ

“ಭಾವ, ಸಾಕು, ಬಂದು ಕೂತ್ಕೊಳ್ಳಿ,” ಮುಂದಿನ ಸಾಲಿನಿಂದ ಅಕ್ಷತಾ ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದಳು. ಗಂಡನ ಅಣ್ಣ ಸಿದ್ದಲಿಂಗಯ್ಯನವರು ಕೂರುವ ಗಿರಾಕಿಯೇ? ಅಮೆರಿಕದ ನ್ಯೂವಾರ್ಕಿನ ಕೋರ್ಟಿನಲ್ಲಿ ನ್ಯಾಯಾಧೀಶೆಯ ಎದುರಿಗೆ ಮೈಕು ಸಿಕ್ಕಿತ್ತು. ಕನ್ನಡ ಸಂಘದ ವೇದಿಕೆಗಳಲ್ಲಿ ಪಳಗಿದ ಬಾಯಿಗೆ ಇನ್ನೇನು ಬೇಕು!

ಅವರ ತಮ್ಮ, ಅಕ್ಷತಾಳ ಗಂಡ ಮೃತ್ಯುಂಜಯ ಎಡಿಸನ್ ಊರಿನ ಒಂದು ಕನ್ಸಲ್ಟೆನ್ಸಿಯಲ್ಲಿ ಕೂತು ವೀಸಾ ಅರ್ಜಿಗಳಲ್ಲಿ ಇಲ್ಲದ ಕೆಲಸಗಳನ್ನು ತೋರಿಸಿದ್ದ. ಅಪರಾಧಿ ಎಂದು ಹೇಳಿ ಹನ್ನೆರಡು ಜನರ ಜ್ಯೂರಿ ಮನೆಗೆ ಹೋಗಿಯಾಗಿತ್ತು. ಆದರೆ ಆ ದಂಧೆಗೆ ಅವನೇ ಮುಖ್ಯಸ್ಥನೋ, ಹೇಳಿದಲ್ಲಿ ಸಹಿ ಹಾಕಿದ ಬಡಪಾಯಿಯೋ ಎಂದು ಜ್ಯೂರಿಯನ್ನು ಯಾರೂ ಕೇಳಿರಲಿಲ್ಲ. ಅದನ್ನು ಇವತ್ತು ನ್ಯಾಯಾಧೀಶೆ ಒಬ್ಬರೇ ತೀರ್ಮಾನಿಸಬೇಕು. ಅದಕ್ಕೆ ಗಟ್ಟಿ ರುಜುವಾತೂ ಬೇಡ, ತಕ್ಕಡಿ ತುಸು ವಾಲಿದರೆ ಸಾಕು. ಬಡಪಾಯಿಯಾದರೆ ಮನೆಗೆ, ಮುಖ್ಯಸ್ಥನಾದರೆ ಜೈಲಿಗೆ. ‘ಸಾಧು ಮನುಷ್ಯ, ಹೇಳಿದ ಹಾಗೆ ಕೇಳುತ್ತಾನೆ ಅನ್ನಿ, ಅಷ್ಟೇ’ ಎಂದು ವಕೀಲೆ ಭಾವನಿಗೆ ಬಾಯಿಪಾಠ ಮಾಡಿಸಿದ್ದಳು.

“ಹೇಳಿದ್ಹಂಗ ಕೇಳಾಕ ಅಂವೇನ್ ಜವಾನನೇನು?” ಎಂದು ಅವರು ಬರುವಾಗ ದಾರಿಯುದ್ದಕ್ಕೂ ಗೊಣಗಿದ್ದರು. ಅಕ್ಷತಾಗೆ ಆಗಲೇ ಬುದ್ಧಿ ಬರಬೇಕಿತ್ತು.

ಈಗ ಕನ್ಯೆಯ ಕಡೆಯವರ ಎದುರು ವರನನ್ನು ಹೊಗಳುವಂತೆ ಇಂಗ್ಲಿಷಿನಲ್ಲಿ ಹೊಗಳುತ್ತಿದ್ದರು. “ನಮ್ಮ ಮನೆತನದಲ್ಲಿ ಇನ್ನೊಬ್ಬರ ಮಾತಿಗೆ ತಲೆಯಾಡಿಸಿದವರಿಲ್ಲ. ಆ ಆಫೀಸಿನಲ್ಲಿ ನನ್ನ ತಮ್ಮ ಹೇಳದೆ ಒಂದು ಹುಲ್ಲುಕಡ್ಡಿಯೂ ಅಲ್ಲಾಡುತ್ತಿರಲಿಲ್ಲ. ಮಾಲೀಕನೇ ಇವನನ್ನು ಕೇಳಿ ನಡೆಯುತ್ತಿದ್ದ.”

ಸರ್ಕಾರಿ ವಕೀಲ ಮುಗುಳ್ನಕ್ಕ. ಹಾಳಾಗಿ ಹೋಗಲಿ ಅವನ ನಗು! ಅಕ್ಷತಾ ಗಂಡನ ಕಡೆ ತಿರುಗಿದಳು. ಬೆಳಗಿನಿಂದ ಕುಗ್ಗಿ ಕೂತಿದ್ದವನು ಬೆನ್ನು ನೆಟ್ಟಗೆ ಮಾಡಿ ಗದ್ದ ಮೇಲೆತ್ತಿದ್ದ. ‘ನಂದೇನೂ ಇಲ್ಲ, ನಾ ಬರೇ ಸಹಿ ಹಾಕಿದಾಂವ’ ಎಂದು ಅವಳ ಮಡಿಲಲ್ಲಿ ಅತ್ತವನು ಇವನೇ. ಅವಳ ಮೈ ಉರಿದುಹೋಯಿತು. ನ್ಯಾಯಾಧೀಶೆಯೂ ಅವನನ್ನೇ ನೋಡುತ್ತಿದ್ದರು.

ಅವರು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಉಳಿದ ಸಾಕ್ಷ್ಯಕ್ಕೆ ಅಣ್ಣನ ಮಾತೂ ಹೊಂದುತ್ತದೆ, ಇವನೇ ಮುಖ್ಯಸ್ಥ ಎಂದರು. ನಾಲ್ಕು ವರ್ಷ, ಇವತ್ತಿನಿಂದಲೇ.

“ಏನ್ ಮಾಡ್ಬಿಟ್ರಿ ಭಾವ! ನಿಮ್ಮ ಬಾಯಿಗಿಷ್ಟು ಮಣ್ಣು ಹಾಕ!”

“ಇದ್ದದ್ದು ಇದ್ಹಂಗ ಹೇಳಿದ್ರ ಎದ್ದು ಬಂದು ಎದಿಗೆ ಒದ್ರಂತ. ಹಂಗಾತು ನೋಡವಾ,” ಎಂದರು ಸಿದ್ದಲಿಂಗಯ್ಯ.

ಅಧಿಕಾರಿಗಳು ಮೃತ್ಯುಂಜಯನ ಟೈ, ಬೆಲ್ಟು ಬಿಚ್ಚಿಸಿದರು. ವಕೀಲೆ ಅವನ್ನು ತಂದು ಅಕ್ಷತಾಳ ಕೈಗಿಟ್ಟಳು. ಒಳಬಾಗಿಲ ಹತ್ತಿರ ಅವನು ಒಮ್ಮೆ ನಿಂತು ತಿರುಗಿದ.

“ಅಣ್ಣ ಛಲೋ ಮಾತಾಡಿದ, ಹೌದಿಲ್ಲೋ?”

ಅಕ್ಷತಾ ಕೈಲಿದ್ದುದನ್ನೆಲ್ಲ ಪಕ್ಕಕ್ಕೆ ಬಂದು ಕೂತಿದ್ದ ಭಾವನ ತೊಡೆಯ ಮೇಲೆ ಹಾಕಿ ಎದ್ದು ಹೊರಟಳು. ಖಾಲಿಯಾಗುತ್ತಿದ್ದ ಕೋರ್ಟಿನಲ್ಲಿ ಸಿದ್ದಲಿಂಗಯ್ಯನವರು ಟೈಯ ಸುಕ್ಕು ಬಿಡಿಸಿ, ಒಪ್ಪವಾಗಿ ಸುತ್ತತೊಡಗಿದರು.