ಎರಡು ಕೆಮ್ಮು

ಮೂರನೆಯ ಮಹಡಿಯ ಟೈಲರಮ್ಮನ ಮಗಳಿಗೆ ಕೆಮ್ಮು. ಜ್ವರವಿಲ್ಲ, ನೆಗಡಿಯಿಲ್ಲ. ಆದರೂ ತರಗತಿಯಲ್ಲಿ ಇದ್ದಕ್ಕಿದ್ದಂತೆ ಎರಡು ಸಲ ಕೆಮ್ಮುತ್ತಾಳೆ, ಓಟದ ತಂಡಕ್ಕೆ ಆಯ್ಕೆಯಾಗಿದ್ದರೂ ಸಂಜೆಯ ಅಭ್ಯಾಸಕ್ಕೆ ಬರುತ್ತಿಲ್ಲ, ಸೋಮವಾರವೂ ಬಾರದಿದ್ದರೆ ಹೆಸರು ತೆಗೆಯುತ್ತೇವೆ ಎಂದು ಶಾಲೆಯಿಂದ ಚೀಟಿ ಬಂದಿತ್ತು. ಹೊಲಿಯಲು ಕೊಟ್ಟಿದ್ದ ಏಪ್ರನ್ ಒಯ್ಯಲು ಬಂದ ಆಸ್ಪತ್ರೆಯ ನರ್ಸ್ ಚೀಟಿ ಓದಿ, ಹುಡುಗಿಯ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟರು.

"ಎದೇಲಿ ಏನೂ ಇಲ್ವಲ್ಲೇ. ಯಾವಾಗ ಬರುತ್ತೆ ಈ ಕೆಮ್ಮು?"

ಹುಡುಗಿ ಅಜ್ಜಿಯ ಮುಖ ನೋಡಿದಳು. ಅಜ್ಜಿ ಗೋಡೆ ನೋಡಿದರು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ತಿರುವಿನಲ್ಲಿ ಅದು ನಿಂತಿತು. ಹುಡುಗಿ ಎರಡು ಸಲ ಕೆಮ್ಮಿದಳು. ಹೊಲಿಗೆ ಯಂತ್ರ ಗಕ್ಕನೆ ನಿಂತಿತು. ಕತ್ತರಿ ಅಜ್ಜಿಯ ದಿಂಬಿನಡಿ ಸೇರಿತು. ಟೈಲರಮ್ಮ ಬಿಸಿ ಇಸ್ತ್ರಿಪೆಟ್ಟಿಗೆ ಹಿಡಿದು ಅಡುಗೆಮನೆಗೆ ಓಡಿದಳು. ಅಗ್ನಿಶಾಮಕ ದಳದಲ್ಲೂ ಇಷ್ಟು ಶಿಸ್ತು ಇರಲಾರದು.

ಬಂದವನು ನೀರಿನ ಕ್ಯಾನ್ ಹೊತ್ತವನು. ತಿರುವಿನಲ್ಲಿ ಉಸಿರು ತೆಗೆದುಕೊಂಡು ಮೇಲಿನ ಮನೆಗೆ ಹೋದ.

"ಏನಿದು ನಾಟಕ?" ಎಂದರು ನರ್ಸ್.

ಅಜ್ಜಿಗೆ ಮುಚ್ಚಿಡುವುದೋ ಹೆಮ್ಮೆಪಡುವುದೋ ತಿಳಿಯಲಿಲ್ಲ. ಹೆಮ್ಮೆಯೇ ಗೆದ್ದಿತು. "ಅದು ಕೆಮ್ಮಲ್ಲಮ್ಮ, ಸೂಚನೆ. ನನ್ನ ಮಗ ಬಡಗಿ, ಒಳ್ಳೆ ಕೆಲಸಗಾರ. ಕುಡಿದು ಬಂದ್ರೆ ಮಾತ್ರ ತಿರುವಲ್ಲಿ ನಿಲ್ತಾನೆ, ಒಳಗೆ ಬಂದು ಸಿಕ್ಕಿದ್ದೆಲ್ಲ ಎಸೀತಾನೆ. ಒಂದು ಕೆಮ್ಮಿದ್ರೆ ನೆಟ್ಟಗಿದ್ದಾನೆ ಅಂತ. ಎರಡು ಕೆಮ್ಮಿದ್ರೆ ಎಲ್ಲ ಎತ್ತಿಡಿ ಅಂತ. ಯಾರೂ ಹೇಳಿಕೊಟ್ಟಿದ್ದಲ್ಲ, ಭಾರಿ ಚೂಟಿ ಹುಡುಗಿ."

"ಸ್ಕೂಲಲ್ಲಿ ಯಾಕೆ ಕೆಮ್ತೀಯ ಪುಟ್ಟಿ?"

"ಹೆಡ್‌ಮಾಸ್ಟರಿಗೆ ಮಂಡಿ ನೋವು. ಮೆಟ್ಟಿಲು ಹತ್ತುವಾಗ ಅವರೂ ತಿರುವಲ್ಲಿ ನಿಲ್ತಾರೆ."

ಯಾರೂ ನಗಲಿಲ್ಲ.

"ಓಟಕ್ಕೆ ಯಾಕೆ ಹೋಗಲ್ಲ?"

"ಸಂಜೆ ನಾನು ಅಲ್ಲಿದ್ರೆ ಇಲ್ಲಿ ಯಾರು ಕೇಳಿಸ್ಕೋತಾರೆ?"

ನರ್ಸ್ ಟೈಲರಮ್ಮನ ಕಡೆ ತಿರುಗಿದರು. "ಅಕ್ಕ, ಎಂಟು ಗಂಟೆ ಕೆಲಸ ಆದ್ಮೇಲೆ ನನ್ನ ಪಾಳಿಗೆ ಬೇರೆಯವರು ಬರ್ತಾರೆ. ಇವಳ ಪಾಳಿ ಮುಗಿಯೋದು ಯಾವಾಗ?"

"ಚಿಕ್ಕ ಮಗು ಸಿಸ್ಟರ್, ಅವಳಿಗೇನೂ ಗೊತ್ತಿಲ್ಲ. ಅಪ್ಪಂಗೆ ತಲೆನೋವು ಅಂತ ಹೇಳಿದ್ದೀವಿ."

"ನಂಗೊತ್ತು," ಎಂದಳು ಹುಡುಗಿ ನೆಲ ನೋಡುತ್ತ. "ಗಣಿತದಲ್ಲಿ ನಾನು ಕಡಿಮೆ ಮಾರ್ಕ್ಸ್ ತೆಗೆದ ಮೇಲೇ ಅಪ್ಪ ಜಾಸ್ತಿ ಕುಡಿಯೋಕೆ ಶುರು ಮಾಡಿದ್ದು."

ಟೈಲರಮ್ಮ ಬಟ್ಟೆ ಬದಿಗಿಟ್ಟು ಮಗಳ ಪಕ್ಕ ಬಂದಳು. ನರ್ಸ್ ನೆಲದ ಮೇಲೆ, ಹುಡುಗಿಯ ಎದುರಿಗೆ ಕೂತರು.

"ಅಪ್ಪ ಕುಡಿಯೋದು ನಿನ್ನಿಂದಲ್ಲ. ಅದೊಂದು ಕಾಯಿಲೆ. ನೀನು ನೂರಕ್ಕೆ ನೂರು ತೆಗೆದ್ರೂ ಹೋಗಲ್ಲ. ಅದನ್ನ ನೋಡ್ಕೊಳ್ಳೋಕೆ ಡಾಕ್ಟರಿದ್ದಾರೆ. ನೀನು ಓಡೋಕೆ ಹೋಗು."

"ಮನೆ ವಿಷಯ ಹೊರಗೆ ಹೋದ್ರೆ?" ಅಜ್ಜಿ ಚಡಪಡಿಸಿದರು.

"ಇಡೀ ಬೀದಿಗೆ ಗೊತ್ತು ಅಜ್ಜಿ."

"ಎದುರುಮನೆಯವಳಿಗೂ?"

"ಅವರಿಗೇ ಮೊದಲು."

ನರ್ಸ್, ಟೈಲರಮ್ಮ ಇಬ್ಬರೂ ಅಂದೇ ಎದುರುಮನೆಯ ಬಾಗಿಲು ತಟ್ಟಿದರು. ಗಲಾಟೆಯಾದರೆ ಹುಡುಗಿ ಯಾರನ್ನೂ ಕೇಳದೆ ಅಲ್ಲಿಗೆ ಹೋಗಬಹುದು ಎಂದು ಮಾತಾಯಿತು. ಶಾಲೆಯ ಟೀಚರಿಗೂ ಹೇಳಿದರು. ಕತ್ತರಿ, ಇಸ್ತ್ರಿಪೆಟ್ಟಿಗೆ ಎತ್ತಿಡುವುದಷ್ಟೇ ಅಲ್ಲ, ಮೆಟ್ಟಿಲ ಸದ್ದಿಗೆ ಕಿವಿಗೊಡುವುದೂ ದೊಡ್ಡವರ ಜವಾಬ್ದಾರಿಯಾಯಿತು. ಬಡಗಿ ಚಿಕಿತ್ಸಾ ಕೇಂದ್ರಕ್ಕೆ ಬರುತ್ತೇನೆ ಎಂದ, ನಾಳೆ ಎಂದ, ನಾಡಿದ್ದು ಎಂದ. ಹುಡುಗಿಯ ಓಟ ಅವನಿಗಾಗಿ ಕಾಯಲಿಲ್ಲ.

ಸೋಮವಾರ ಸಂಜೆ. ಟೈಲರಮ್ಮ ಒಂದು ಅಂಗಿಯ ತೋಳನ್ನು ಎರಡು ಸಲ ಉಲ್ಟಾ ಹೊಲಿದು ಬಿಚ್ಚಿದಳು. ಮೆಟ್ಟಿಲ ಮೇಲೆ ಸದ್ದಾಯಿತು. ತಿರುವಿನಲ್ಲಿ ನಿಂತಿತು. ಅಜ್ಜಿಯ ಕೈ ಕತ್ತರಿಯತ್ತ ಹೋಯಿತು.

ಒಳಗೆ ಬಂದವಳು ಹುಡುಗಿ. ಬೆವರಿಳಿಯುತ್ತಿತ್ತು. ಓಡಿ ಓಡಿ ದಣಿದು, ತಿರುವಿನಲ್ಲಿ ಉಸಿರು ತೆಗೆದುಕೊಳ್ಳಲು ನಿಂತಿದ್ದಳಂತೆ.

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಹೀಗೆ ಸದ್ದಿಗೆ ಕಿವಿಗೊಟ್ಟು ಕೂತ ಮಗುವಿದೆಯೆ? ಕುಡಿಯುವವರು ಮೊದಲು ಬಿಡಲಿ ಎಂದು ಕಾಯಬೇಡಿ. ಇಂದೇ ಅದರ ಪಕ್ಕ ಕೂತು ನಿಜ ಹೇಳಿ: ಇದು ನಿನ್ನ ತಪ್ಪಲ್ಲ. ಹೆದರಿಕೆಯಾದಾಗ ಹೋಗಲು ಒಂದು ಬಾಗಿಲು ತೋರಿಸಿ. ಟೀಚರಿಗೆ, ಆರೋಗ್ಯ ಕಾರ್ಯಕರ್ತೆಗೆ, ಮಕ್ಕಳ ಸಹಾಯವಾಣಿಗೆ ತಿಳಿಸಿ. ಮಗು ಆಡಲು ಹೋಗಲಿ. ಕಿವಿಗೊಡುವ ಪಾಳಿ ಇನ್ನು ನಿಮ್ಮದು.