ಪ್ಲಾಟ್‌ಫಾರ್ಮಿನ ನೀಲಿ ಕೋಟಿನಾಕೆ

ಲಂಡನ್ನಿನ ಹ್ಯಾರೋದ ಮನೆಯ ಮೇಲಿನ ಚಿಕ್ಕ ಕೋಣೆಯಲ್ಲಿ ಡಾಕ್ಟರ್ ಕೃಷ್ಣಪ್ರಸಾದರು ಜಪಾನಿನ ಒಂದು ಹಳ್ಳಿಯ ರೈಲು ನಿಲ್ದಾಣ ಕಟ್ಟುತ್ತಿದ್ದರು. ಅಂಗೈಯಗಲದ ಮರದ ಕಟ್ಟಡ, ಒಂಟಿ ಹಳಿ, ಹತ್ತಿಯ ಹಿಮ. ಮಗಳು ಯೂನಿವರ್ಸಿಟಿಗೆ ಹೋದ ಮೇಲೆ ಗಂಡನಿಗೊಂದು ಹವ್ಯಾಸ ಸಿಕ್ಕಿತಲ್ಲ ಎಂದು ವೇದವತಿಗೆ ಮೊದಮೊದಲು ಖುಷಿಯೇ ಆಗಿತ್ತು. ಆ ಖುಷಿಗೆ ಕಲ್ಲು ಬಿದ್ದದ್ದು ಪ್ಲಾಟ್‌ಫಾರ್ಮಿನ ಮೇಲೆ ನೀಲಿ ಕೋಟಿನ ಪುಟ್ಟ ಹೆಣ್ಣುಗೊಂಬೆಯೊಂದು ಬಂದು ನಿಂತಾಗ.

“ಯಾರೀಕಿ?”

“ತೊಂಬತ್ತೆರಡರಾಗ ಟ್ರೇನಿಂಗಿಗೆ ಜಪಾನಿಗೆ ಹೋಗಿದ್ನಲ್ಲ, ಆವಾಗ ಸಿಕ್ಕಾಕಿ. ಹಿಮ ಬಿದ್ದು ಟ್ರೇನು ಬರಲೇ ಇಲ್ಲ. ಸಂಜಿತನಕ ಬೆಂಚಿನ ಮ್ಯಾಲೆ ನಾವಿಬ್ಬರೇ. ಆಕಿ ಭಾಷಾ ನನಗ ಬರಂಗಿಲ್ಲ, ನಂದು ಆಕಿಗೆ. ಆದ್ರೂ ಎಷ್ಟು ನಕ್ಕೇವಿ!”

ಈ ಮನುಷ್ಯ ಬಾಯಿಬಿಟ್ಟು ನಕ್ಕದ್ದನ್ನು ವೇದವತಿ ಎಂದು ಕಂಡಿದ್ದಳೋ ನೆನಪಾಗಲಿಲ್ಲ. ಆ ಚಳಿಗಾಲ ಅವಳು ಇದೇ ಮನೆಯಲ್ಲಿ, ಮೈತುಂಬ ಚಿಕನ್‌ಪಾಕ್ಸ್ ಎದ್ದ ಮಗಳ ಪಕ್ಕ ಒಬ್ಬಳೇ ಕೂತಿದ್ದಳು. ಫೋನಿನಲ್ಲಿ ಅವರು ಹೇಳಿದ್ದು, “ಇಲ್ಲೆ ಭಾಳ ಥಂಡಿ” ಅಂತಷ್ಟೇ.

ಮರುದಿನ ಅವರು ಸೂಜಿಯಂಥ ಕುಂಚ ಹಿಡಿದು ಗೊಂಬೆಯ ತುಟಿಗೆ ಬಣ್ಣ ಹಚ್ಚುತ್ತಿದ್ದರು. ಹೆಂಡತಿ ಉಟ್ಟ ಸೀರೆಯ ಬಣ್ಣ ಕೇಳಿದರೆ ತಡವರಿಸುವ ಗಂಡ! ಅವರು ಆಸ್ಪತ್ರೆಗೆ ಹೊರಟದ್ದೇ ತಡ, ವೇದವತಿ ಗೊಂಬೆಯನ್ನು ಕಿತ್ತು, ಕೌನ್ಸಿಲಿನ ಕಸದ ಗಾಡಿ ಬರುವ ಮೊದಲೇ ಬಿನ್ನಿಗೆ ಹಾಕಿದಳು.

ಸಂಜೆ ಅವರು ಮಂಡಿಯೂರಿ ಕಾರ್ಪೆಟ್ಟನ್ನೆಲ್ಲ ತಡವಿದರು. ಏನೂ ಕೇಳಲಿಲ್ಲ. ಬೇರೆ ಗೊಂಬೆಯನ್ನೂ ಮಾಡಲಿಲ್ಲ.

ಯುಗಾದಿ ಊಟಕ್ಕೆ ಬಂದ ಬೆಂಗಳೂರಿನ ಗೆಳತಿ ಸಿರಿಶಾ ನಿಲ್ದಾಣ ನೋಡಿ, “ಎಷ್ಟ್ ಚೆನ್ನಾಗಿದೆ ಡಾಕ್ಟ್ರೇ! ಆದ್ರೆ ಪ್ಲಾಟ್‌ಫಾರ್ಮ್ ಯಾಕೆ ಖಾಲಿ?” ಅಂದಳು.

“ಒಬ್ಬಾಕಿ ಇದ್ಲು. ಟ್ರೇನು ಬಂತು, ಹೋದ್ಲು,” ಎಂದು ಕೃಷ್ಣಪ್ರಸಾದರು ಮೆಲ್ಲಗೆ ನಕ್ಕರು.

ಆ ನಗೆಯನ್ನು ವೇದವತಿ ತಾಳಲಾರದೆ ಹೋದಳು. ಸಿರಿಶಾ ಹೊರಟ ಮೇಲೆ ಹೇಳಿಯೇಬಿಟ್ಟಳು. “ಆಕಿನ್ನ ಒಗದಾಕಿ ನಾನೇ.”

“ಗೊತ್ತದ.”

“ಮತ್ತ ಬೈಯಲಿಲ್ಲ ಯಾಕ?”

“ಏನಂತ ಬೈಲಿ? ಆಕಿ ಹೆಸರು ಸೈತ ನನಗ ಗೊತ್ತಿಲ್ಲ, ವೇದಾ. ಕೇಳಲೇ ಇಲ್ಲ.”

ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಹೆಸರೊಂದು ಇದ್ದಿದ್ದರೆ ಅದನ್ನು ಹಿಡಿದಾದರೂ ಶಪಿಸಬಹುದಿತ್ತು. ಅವಳು ಗಂಡನ ಕುರ್ಚಿಯಲ್ಲಿ ಕೂತು, “ಆವತ್ತು ಏನೇನಾತು, ಎಲ್ಲಾ ಹೇಳ್ರಿ. ಒಂದೂ ಬಿಡಬ್ಯಾಡ್ರಿ,” ಎಂದಳು.

ಅವರು ಸ್ಟೂಲು ಎಳೆದುಕೊಂಡು ಹೇಳತೊಡಗಿದರು. ಮೊದಲ ಮಾತಿಗೇ ಅವಳ ಹೊಟ್ಟೆ ಉರಿಯಿತು. ಆದರೂ, “ಹೂಂ, ಮುಂದ?” ಎಂದಳು.