ಬಕಲು ಎಲ್ಲಿದೆ?

"ಬಾಯಿ ಮುಚ್ಚಲೇ. ಕುರ್ಚಿ ನಂದು. ಕುರ್ಚಿ ಬೇಕು, ಕೊಟ್ಟವನ ಮಾತು ಬೇಡ ಅಂದ್ರೆ ಹೇಗೆ?"

"ಕುರ್ಚಿ ನಿಮ್ದೇ ಯಜಮಾನ್ರೇ, ಒಪ್ಪಿದೆ. ಮುರಿದ ಹಲಗೇನೂ ನಿಮ್ದೇ. ಅದನ್ನೆಲ್ಲಿ ಬಚ್ಚಿಟ್ರಿ?"

ಗುತ್ತಿಗೆದಾರ ಮೇಜು ಗುದ್ದಿದ. ಟೀ ಲೋಟ ಉರುಳಿತು. ಹಲಗೆ ಕೇಳಿದ ನನ್ನ ಭಾಮೈದ ಗಾಲಿಕುರ್ಚಿಯನ್ನು ಅಲ್ಲಾಡಿಸಲಿಲ್ಲ.

ಭಾಮೈದ ಗೋಡೆಗೆ ಬಣ್ಣ ಹೊಡೆಯುವವನು. ಓಟದಲ್ಲಿ ಅವನನ್ನು ಹಿಡಿಯುವವರಿರಲಿಲ್ಲ, ಅದಕ್ಕೇ ಚಿಗರೆ ಎಂದು ಹೆಸರು. ಇದೇ ಗುತ್ತಿಗೆದಾರನ ಆಟದ ಹಾಲ್‌ಗೆ ಬಣ್ಣ ಹೊಡೆಯುವಾಗ ಸಾರವೆಯ ಹಲಗೆ ಮುರಿದು ಬಿದ್ದ. ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಹಲಗೆ ಅವತ್ತು ಸಂಜೆಯೇ ಮಾಯವಾಯಿತು. ಹೆಸರು ಉಳಿಯಿತು. ಹಾಗೆ ಕರೆಯಲು ನಾವು ತಡವರಿಸಿದರೆ, "ಅನ್ರೋ, ಕೊಂಬು ಇನ್ನೂ ಇದೆ" ಎನ್ನುತ್ತಿದ್ದ.

ಮೊದಮೊದಲು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದ. ನನ್ನ ಹೆಂಡತಿ ಬೈದೂ ಬೈದೂ ಸೋತಿದ್ದಳು. ಆಮೇಲೆ ಚಿಕಿತ್ಸೆ ಕೊಡುವ ಕಡೆ ಗಾಲಿಕುರ್ಚಿಯಲ್ಲೇ ಬಾಸ್ಕೆಟ್‌ಬಾಲ್ ಆಡುವವರನ್ನು ಕಂಡ. ಒಂದು ದಿನ ಬಂದು, "ಅಕ್ಕಾ, ಇವತ್ತು ಒಬ್ಬನ್ನ ಗುದ್ದಿ ಕೆಡವಿದೆ" ಎಂದ. ಅವಳು ಅಳುತ್ತಾ ಎರಡು ಸಲ ಬಡಿಸಿದಳು.

ಆಟದ ಕುರ್ಚಿ ಕೊಡಿಸಿದವನು ಗುತ್ತಿಗೆದಾರ. ಜಗಳಕ್ಕೆ ಕಾಲಗಲಿಸಿ ನಿಂತವನ ಹಾಗೆ ಅದರ ಗಾಲಿಗಳು ಓರೆ. ಬೆನ್ನ ಮೇಲೆ ದಪ್ಪ ಅಕ್ಷರದಲ್ಲಿ ಅವನದೇ ಹೆಸರು. ಧರ್ಮಕ್ಕೆ ಕೊಟ್ಟ ಎಂದುಕೊಂಡೆವು, ನಮ್ಮ ಬುದ್ಧಿಗಿಷ್ಟು. ಹಾಲ್ ಉದ್ಘಾಟನೆಗೆ ಚಿಗರೆಯ ತಂಡದವರದೇ ಪಂದ್ಯ. ಅಪಘಾತದ ವಿಚಾರಣೆ ಮಾಡುತ್ತಿದ್ದ ಅಧಿಕಾರಿ ಮುಂದಿನ ಸಾಲಿನಲ್ಲಿ ಕೂರುತ್ತಾನೆ. ಅವನೆದುರು ಚಿಗರೆ ಮೈಕಿನಲ್ಲಿ 'ನಾನೇ ಕಾಲು ಜಾರಿ ಬಿದ್ದೆ' ಅನ್ನಬೇಕು, ಇದು ಗುತ್ತಿಗೆದಾರನ ಷರತ್ತು. ಹಾಗೆ ಅಂದುಬಿಟ್ಟರೆ ವಿಚಾರಣೆ ಮುಗಿಯಿತು. ಅನ್ನದಿದ್ದರೆ ಕುರ್ಚಿ ವಾಪಸ್ಸು, ಆಟ ಬಂದ್.

ಚಿಗರೆ ತಲೆ ಕೆರೆದುಕೊಂಡ. "ಆಯ್ತು, ಹೇಳ್ತೀನಿ. ಒಂದೇ ಆಸೆ ಯಜಮಾನ್ರೇ. ಆಟಕ್ಕೆ ಮುಂಚೆ ನೀವೂ ಈ ಕುರ್ಚೀಲಿ ಕೂತು ಚೆಂಡು ಎಸೀಬೇಕು. ಫೋಟೋ ಚೆನ್ನಾಗಿ ಬರುತ್ತೆ."

ಫೋಟೋ ಅಂದ ಕೂಡಲೇ ಗುತ್ತಿಗೆದಾರ ಬೆಣ್ಣೆಯಾದ.

ಹೊರಗೆ ಬಂದು ನಾನು ಉರಿದುಬಿದ್ದೆ. "ಮಾನ ಮಾರ್ಕೊಂಡ್ಯೇನೋ?"

"ಭಾವ, ಅಭ್ಯಾಸಕ್ಕೆ ನಮ್ಮನ್ನ ಆ ಹಾಲ್‌ಗೆ ಹೊತ್ತು ಹತ್ತಿಸೋರು ಯಾರು?"

"ನಾವೇ, ಅವನ ಕೆಲಸದ ಗಾರೆಯೋರು. ಮೆಟ್ಟಿಲಿದೆಯಲ್ಲ."

"ಇಳಿಜಾರು ಕಟ್ಟದೆ ಸಿಮೆಂಟು ಉಳಿಸಿದ್ದು ಯಾರು?"

ನಾನು ಅವನ ಮುಖ ನೋಡಿದೆ. ಕಳ್ಳನನ್ಮಗ ನಗುತ್ತಿದ್ದ.

ಉದ್ಘಾಟನೆಯ ದಿನ ಹಾಲ್ ತುಂಬಿತ್ತು. ಚಿಗರೆ ಆಸ್ಪತ್ರೆಯ ಹಳೇ ಕಿರುಗುಟ್ಟುವ ಕುರ್ಚಿಗೆ ಜರುಗಿ, ಆಟದ ಕುರ್ಚಿಯನ್ನು ಗುತ್ತಿಗೆದಾರನಿಗೆ ಬಿಟ್ಟುಕೊಟ್ಟ. ನಮ್ಮ ಜೊತೆ ಕೆಲಸ ಮಾಡುವ ವೆಲ್ಡರ್ ಅವನ ಹೊಟ್ಟೆಗೆ ಬೆಲ್ಟು ಬಿಗಿದ. ಈ ಆಟದಲ್ಲಿ ಬೆಲ್ಟಿಲ್ಲದೆ ಯಾರೂ ಕೂರುವಂತಿಲ್ಲ. ಈ ಆಟಗಾರರ ಬೆಲ್ಟಿನ ಬಕಲು ಬೆನ್ನ ಹಿಂದೆ, ಸೀಟಿನ ಅಡಿ. ಆಟ ಮುಗಿದ ಮೇಲೆ ಒಬ್ಬರದನ್ನು ಇನ್ನೊಬ್ಬರು ಬಿಚ್ಚುವುದು ಇವರ ಪದ್ಧತಿ.

ಸೀಟಿ ಊದಿದರು. ಗುತ್ತಿಗೆದಾರ ಬಲಗೈಯಲ್ಲಿ ಜೋರಾಗಿ ತಳ್ಳಿದ, ಎಡಗೈಯನ್ನು ಕ್ಯಾಮೆರಾಗೆ ಬೀಸಿದ. ಕುರ್ಚಿ ಗಾಣದೆತ್ತಿನ ಹಾಗೆ ಸುತ್ತಿತು. ಇನ್ನೂ ಜೋರಾಗಿ ತಳ್ಳಿದ, ಇನ್ನೂ ಸುತ್ತಿತು. ಯಾರೋ ಎಸೆದ ಚೆಂಡು ನೇರ ಹೊಟ್ಟೆಗೆ ಬಂತು. ಜನ ಬಿದ್ದು ಬಿದ್ದು ನಕ್ಕರು, ಅಧಿಕಾರಿಯೂ ನಕ್ಕ. ಗುತ್ತಿಗೆದಾರ ಹೊಟ್ಟೆ ತಡವಿದ, ಬಕಲು ಸಿಗಲಿಲ್ಲ. ಹೇಗೋ ಬಾಗಿಲ ತನಕ ಉರುಳಿದ. ಮುಂದೆ ಮೆಟ್ಟಿಲು.

"ಯಾರ್ರೋ ಅಲ್ಲಿ? ಇಳಿಸ್ರೋ."

ನಾವು ಗಾರೆಯೋರು ಅಷ್ಟರಲ್ಲಿ ಬಂದು ಮೆಟ್ಟಿಲ ಮೇಲೇ ಕೂತಿದ್ದೆವು. "ಇಳೀರಿ ಯಜಮಾನ್ರೇ," ಎಂದೆ. "ನೀವೇ ಕಟ್ಟಿಸಿದ್ದಲ್ವಾ, ದಾರಿ ಗೊತ್ತಿರುತ್ತೆ."

ಒಳಗೆ ಚಿಗರೆ ಮೈಕು ಹಿಡಿದಿದ್ದ.

"ನಾನು ಕಾಲು ಜಾರಿ ಬೀಳಲಿಲ್ಲ. ಹಲಗೆಗೆ ಗೆದ್ದಲು ಹಿಡಿದಿತ್ತು. ಹತ್ತೋ ಮೊದಲೇ ಹೇಳಿದ್ದೆ. 'ಚಿಗರೆ ಅಲ್ವೇನೋ, ನೆಗೆದುಬಿಡು' ಅಂದ್ರು ನಮ್ಮ ಯಜಮಾನ್ರು."

ನಗು ನಿಂತಿತು. ಅಧಿಕಾರಿ ತನ್ನ ಬೂಟನ್ನೇ ನೋಡತೊಡಗಿದ.

ಚಿಗರೆ ಕಿರುಗುಟ್ಟುತ್ತಾ ಬಾಗಿಲಿಗೆ ಬಂದ. ಹಿಂದೆಯೇ ಉಳಿದ ಆಟಗಾರರು.

"ಕುರ್ಚಿ ನಿಮ್ದು ಅಂದ್ರಲ್ಲ ಯಜಮಾನ್ರೇ, ಇಟ್ಕೊಳ್ಳಿ. ಹೆಸರೂ ಬರೆದಿದೆ."

ನಾವು ಅವರನ್ನೆಲ್ಲ ಒಬ್ಬೊಬ್ಬರಾಗಿ ಎತ್ತಿ, ಗುತ್ತಿಗೆದಾರನ ಪಕ್ಕದಲ್ಲೇ ಹಾಯಿಸಿ ಕೆಳಗಿಳಿಸಿದೆವು.

"ಬಕಲು ಎಲ್ಲಿದೆ ಅಂತಾದ್ರೂ ಹೇಳ್ರೋ," ಎಂದು ಅವನು ಅಂಗಲಾಚಿದ.

ಆಟ ನೋಡಲು ಬಂದಿದ್ದ ನನ್ನ ಹೆಂಡತಿ ಸೆರಗು ಸಿಕ್ಕಿಸಿ ತಿರುಗಿದಳು. "ಹಲಗೆ ಎಲ್ಲಿದೆ ನೀವು ಹೇಳಿ ಸ್ವಾಮಿ. ಬಕಲು ಎಲ್ಲಿದೆ ನಾವು ಹೇಳ್ತೀವಿ."

ಅವನು ಹೇಳಲಿಲ್ಲ. ನಾವೂ ಹೇಳಲಿಲ್ಲ.

ಬೀದಿಯಲ್ಲಿ ವೆಲ್ಡರ್ ಬೀಡಿ ಹಚ್ಚಿ, "ಗಾಲಿ ಓರೆ ನೋಡ್ಕೊಂಡಿದೀನಿ ಚಿಗರೆ, ಪೈಪು ಹುಡುಕಿ ನಾವೇ ಒಂದು ಕುರ್ಚಿ ಮಾಡೋಣ" ಎಂದ. ಹಿಂದಿನಿಂದ ಗುತ್ತಿಗೆದಾರನ ಕೂಗು ಕೇಳುತ್ತಲೇ ಇತ್ತು. ಅವನನ್ನು ಯಾರು ಬಿಚ್ಚಿದರೋ, ಗೊತ್ತಿಲ್ಲ. ನಮ್ಮಲ್ಲಿ ಒಬ್ಬರೂ ಆ ಕಡೆ ತಿರುಗಿ ಹೋಗಲಿಲ್ಲ, ಅವತ್ತೂ, ಮರುದಿನ ಕೆಲಸಕ್ಕೂ.